ಶಪಥ ಬಿಟ್ಟ ಮೇಲೆ ಬಿಟ್ಟ ಚಟ: ರಾತ್ರಿ ಪಾಳಿಯ ನೌಕರರೊಬ್ಬರ ಪ್ರಕರಣ

ಅಶ್ಲೀಲ ವಿಡಿಯೋ ನೋಡುವ ಚಟಕ್ಕೆ ಸಿಕ್ಕಿ ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರ ಪ್ರಕರಣ ಇದು. ಅವರನ್ನು ಮಂಜುನಾಥ ಎಂದು ಕರೆಯೋಣ. ಅದು ಅವರ ಹೆಸರಲ್ಲ. ಊರು, ವಯಸ್ಸು, ಮನೆಯ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಕೆಲಸವನ್ನು ಮಾತ್ರ ಬದಲಿಸಲಿಲ್ಲ. ಅದನ್ನು ಬದಲಿಸಿದರೆ ಇಡೀ ಪ್ರಕರಣವೇ ಅರ್ಥವಾಗುವುದಿಲ್ಲ. ಮೇಲಾಗಿ ಅಂಥ ಕೆಲಸದಲ್ಲಿರುವವರು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಬರೆದದ್ದನ್ನು ಅವರೂ ಅವರ ಹೆಂಡತಿಯೂ ಓದಿ, ಒಂದೆರಡು ಕಡೆ ತಿದ್ದಿಸಿ, ಒಪ್ಪಿಗೆ ಕೊಟ್ಟಿದ್ದಾರೆ.

ಹಿನ್ನೆಲೆ

ಮಂಜುನಾಥ ಅವರಿಗೆ ಮೂವತ್ತೈದರ ಆಸುಪಾಸು. ಮಧ್ಯ ಕರ್ನಾಟಕದ ಹಳ್ಳಿಯೊಂದರ ಹೊರಗಿರುವ 66/11 ಕೆವಿ ವಿದ್ಯುತ್ ಉಪಕೇಂದ್ರದಲ್ಲಿ ಪಾಳಿ ಕೆಲಸ. ಗಂಟೆಗೊಮ್ಮೆ ಪ್ಯಾನೆಲ್ ಮುಂದೆ ನಿಂತು ವೋಲ್ಟೇಜು, ಕರೆಂಟು, ಟ್ರಾನ್ಸ್‌ಫಾರ್ಮರಿನ ಎಣ್ಣೆಯ ಬಿಸಿ ಎಷ್ಟಿದೆ ಎಂದು ನೋಡಿ ಲಾಗ್ ಶೀಟಿಗೆ ಬರೆಯಬೇಕು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕೊಡುವುದು ಬ್ಯಾಚಿನ ಲೆಕ್ಕದಲ್ಲಿ. ಒಂದು ಬ್ಯಾಚಿನ ಸರದಿ ರಾತ್ರಿಗೆ ಬಿದ್ದರೆ ಆ ಫೀಡರಿನ, ಅಂದರೆ ಉಪಕೇಂದ್ರದಿಂದ ಹೊರಡುವ ಆ ಲೈನಿನ, ರೈತರು ನಿದ್ದೆಗೆಟ್ಟು ಮೋಟಾರಿನ ಹತ್ತಿರ ಕಾಯುತ್ತಿರುತ್ತಾರೆ, ಎರಡು ನಿಮಿಷ ತಡವಾದರೂ ಸ್ಟೇಷನ್ನಿಗೆ ಫೋನು ಬರುತ್ತದೆ. ಆ ಗಲಾಟೆ ಮುಗಿದ ಮೇಲೆ ಬೆಳಗಿನವರೆಗೂ ಮಾಡಲು ಹೆಚ್ಚೇನೂ ಇರುವುದಿಲ್ಲ. ಜೊತೆಯವರೊಬ್ಬರು ಒಳಗಿನ ಕೋಣೆಯಲ್ಲಿ ಮಲಗಿರುತ್ತಾರೆ. ಇವರು, ಪ್ಯಾನೆಲ್ಲು, ಮತ್ತು ಕೈಯಲ್ಲಿ ಫೋನು.

ಅಶ್ಲೀಲ ವಿಡಿಯೋ ನೋಡುವ ಅಭ್ಯಾಸ ಶುರುವಾದದ್ದು ಐಟಿಐ ಓದುವಾಗ. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದವರೇ ಅದನ್ನೂ ತುಂಬಿಸಿಕೊಡುತ್ತಿದ್ದ ಕಾಲ. ಆಗ ನಾಲ್ಕಾರು ಜನ ಸೇರಿ ನೋಡಿ ನಕ್ಕು ಎದ್ದು ಹೋಗುತ್ತಿದ್ದರು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಅದು ಒಬ್ಬರೇ ಕೂತು ನೋಡುವ ವಿಷಯವಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಉತ್ತರಾಖಂಡ ಹೈಕೋರ್ಟಿನ ಆದೇಶದಂತೆ 827 ತಾಣಗಳನ್ನು ತಡೆಯಲು ಹೇಳಿತು. ಅದರಿಂದ ತಮಗಾದ ವ್ಯತ್ಯಾಸ ಒಂದೇ ಎಂದರು ಮಂಜುನಾಥ: "ದಾರಿ ಸ್ವಲ್ಪ ಸುತ್ತಾಯ್ತು ಸರ್, ಊರು ಅದೇ."

ನನ್ನ ಹತ್ತಿರ ಅವರು ಬಂದದ್ದು ಒಂದು ಮೆಮೊ ಸಿಕ್ಕಿದ ಮೇಲೆ. ಒಂದು ರಾತ್ರಿ ಫೀಡರ್ ಟ್ರಿಪ್ ಆಗಿದೆ (ದೋಷದಿಂದ ಲೈನು ತಾನಾಗಿ ಕಡಿದುಕೊಂಡಿದೆ), ಅಲಾರಂ ಹೊಡೆದಿದೆ, ಇವರ ಕಿವಿಯಲ್ಲಿ ಇಯರ್‌ಫೋನ್. ಹಳ್ಳಿಯವರು ಫೋನು ಮಾಡಿ, ಅದೂ ಕೇಳಿಸದೆ, ಕೊನೆಗೆ ಒಬ್ಬರು ಬೈಕಿನಲ್ಲಿ ಬಂದು ಗೇಟು ಬಡಿದರು. ಲಾಗ್ ಶೀಟು ನೋಡಿದಾಗ ಮುಂದಿನ ಗಂಟೆಯ ರೀಡಿಂಗೂ ಆಗಲೇ ಬರೆದಿತ್ತು! ತನಿಖೆಗೆ ಬಂದ ಅಧಿಕಾರಿ ನಿದ್ದೆ ಮಾಡಿದ್ದಾರೆ ಅಂದುಕೊಂಡರು. ಇವರು ಹೌದು ಎಂದು ತಲೆ ಆಡಿಸಿದರು. ನಿದ್ದೆ ಅನ್ನುವುದು ಎಷ್ಟೋ ಮರ್ಯಾದೆಯ ಕಾರಣ.

ಕಾಯಿಲೆಯೋ, ಪಾಪಪ್ರಜ್ಞೆಯೋ

ಇಂಥವರು ಬಂದಾಗ ಮೊದಲು ಬಿಡಿಸಬೇಕಾದ ಗಂಟು ಇದು. ತಿಂಗಳಿಗೊಮ್ಮೆ ನೋಡಿ ಮೂರು ದಿನ ಊಟ ಬಿಡುವವರೂ ತಮಗೆ ಚಟ ಎಂದೇ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಹತೋಟಿ ಮೀರಿದ ಲೈಂಗಿಕ ವರ್ತನೆ ಎಂಬ ತೊಂದರೆ ಅದರಲ್ಲಿದೆ. ಮದ್ಯ, ಜೂಜುಗಳ ಗುಂಪಿನಲ್ಲಿ ಅಲ್ಲ, ತುಡಿತ ತಡೆದುಕೊಳ್ಳಲಾಗದ ತೊಂದರೆಗಳ ಗುಂಪಿನಲ್ಲಿ. ಆರು ತಿಂಗಳೋ ಅದಕ್ಕಿಂತ ಹೆಚ್ಚೋ ನಡೆದಿರಬೇಕು. ಬಿಡಲು ಮಾಡಿದ ಪ್ರಯತ್ನಗಳು ಸೋತಿರಬೇಕು. ಕೆಲಸ, ಸಂಸಾರ, ಆರೋಗ್ಯಕ್ಕೆ ಪೆಟ್ಟು ಬಿದ್ದಿರಬೇಕು ಅಥವಾ ತೀವ್ರ ಸಂಕಟ ಇರಬೇಕು. ಆ ಸಂಕಟ ಬರೀ 'ಇದು ತಪ್ಪು' ಎಂಬ ನೈತಿಕ ಭಾವನೆಯಿಂದ ಹುಟ್ಟಿದ್ದಾದರೆ ಅಷ್ಟಕ್ಕೇ ರೋಗ ಎನ್ನುವ ಹಾಗಿಲ್ಲ ಎಂದು ಅದರಲ್ಲೇ ಹೇಳಿದೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯಲ್ಲಂತೂ ಈ ತೊಂದರೆಗೆ ಜಾಗವೇ ಇಲ್ಲ. ಅಂದರೆ ತಜ್ಞರಲ್ಲೇ ಒಮ್ಮತವಿಲ್ಲದ ವಿಷಯ, ಎಚ್ಚರಿಕೆಯಿಂದ ಮಾತಾಡಬೇಕು.

ಮಂಜುನಾಥ ಅವರಲ್ಲಿ ಎರಡೂ ಇತ್ತು. ರಾತ್ರಿ ಪಾಳಿಯಲ್ಲಿ ಮೂರು ನಾಲ್ಕು ಗಂಟೆ ಅದರಲ್ಲೇ ಹೋಗುತ್ತಿತ್ತು, ಹಗಲು ನಿದ್ದೆ ಕೆಟ್ಟಿತ್ತು, ಮಗನ ಜೊತೆ ಆಡುವುದು ನಿಂತಿತ್ತು, ಹೆಂಡತಿಯ ಹತ್ತಿರ ಹೋದರೆ ಉದ್ರೇಕ ಉಳಿಯುತ್ತಿರಲಿಲ್ಲ. ಅದರ ಮೇಲೆ ಒಂದು ಬೇರೆ ಹೆದರಿಕೆ: ಧಾತು ನಷ್ಟವಾಗಿ ಮೈ ಒಳಗಿಂದ ಟೊಳ್ಳಾಗಿದೆ ಎಂಬುದು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಗುಪ್ತರೋಗದ ಜಾಹೀರಾತು ಓದಿ ಬೆಳೆದ ನಮ್ಮ ಗಂಡಸರಿಗೆ ಇದು ಹೊಸದಲ್ಲ. ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ಇದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟಿದ್ದರು. ಮೊದಲ ಭೇಟಿಯ ಹೆಚ್ಚಿನ ಸಮಯ ಇದಕ್ಕೇ ಹೋಯಿತು. ವೀರ್ಯ ಹೋದರೆ ರಕ್ತ ಹೋಗುವುದಿಲ್ಲ, ಹಸ್ತಮೈಥುನದಿಂದ ಬೆನ್ನು ಸವೆಯುವುದಿಲ್ಲ, ಮೈಗೆ ಸುಸ್ತಾಗುವುದಕ್ಕೆ ನಿದ್ದೆಗೆಟ್ಟಿರುವುದೇ ಸಾಕು ಎಂದು ಬಿಡಿಸಿ ಹೇಳಬೇಕಾಯಿತು. ಅವರು ಪೂರ್ತಿ ನಂಬಲಿಲ್ಲ. ಆದರೆ ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ತರಿಸುತ್ತಿದ್ದ ಪುಡಿಯನ್ನು ನಿಲ್ಲಿಸಿದರು.

ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಲೇಬೇಕು, ಕೇಳಿದೆ. ಸಾಯಬೇಕು ಅನ್ನಿಸಿದೆಯೇ? ಮೆಮೊ ಬಂದ ವಾರ ಅನ್ನಿಸಿತ್ತು, ಈಗ ಇಲ್ಲ. ಮಕ್ಕಳನ್ನು ಬಳಸಿದ ದೃಶ್ಯಗಳ ಕಡೆ ಹೋಗಿದ್ದೀರಾ? ಇಲ್ಲ. ದೊಡ್ಡವರೊಬ್ಬರು ಖಾಸಗಿಯಾಗಿ ನೋಡುವುದು ಒಂದು ಮಾತು. ಮಕ್ಕಳ ದೃಶ್ಯ ಹುಡುಕುವುದು, ನೋಡುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಹಾಗೇನಾದರೂ ಇದ್ದಿದ್ದರೆ ಈ ಪ್ರಕರಣದ ದಾರಿಯೇ ಬೇರೆಯಾಗುತ್ತಿತ್ತು. ಮನೋವೈದ್ಯರಿಂದಲೂ ಒಮ್ಮೆ ತಪಾಸಣೆ ಮಾಡಿಸಿದೆವು. ಖಿನ್ನತೆ ಸೌಮ್ಯವಾಗಿದೆ, ಸದ್ಯ ಮಾತ್ರೆ ಬೇಡ, ನಿದ್ದೆ ಸರಿಮಾಡಿ ನೋಡೋಣ ಎಂದರು.

ಅದುವರೆಗೆ ಮಾಡಿ ನೋಡಿದ್ದು

ಮಾಡದೆ ಬಿಟ್ಟದ್ದೇನೂ ಇರಲಿಲ್ಲ. ತಡೆಯುವ ಆ್ಯಪ್ ಹಾಕಿದ್ದರು, ಅದನ್ನು ತೆಗೆಯುವುದು ಹೇಗೆಂದೂ ಕಲಿತಿದ್ದರು. ಕೀಪ್ಯಾಡ್ ಫೋನಿಗೆ ಹೋಗಿ, ಮಗನ ಶಾಲೆಯ ವಾಟ್ಸಾಪಿಗೆಂದು ಮತ್ತೆ ಸ್ಮಾರ್ಟ್‌ಫೋನ್ ತಂದಿದ್ದರು. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿದ್ದರು. ಬಿಟ್ಟು ಎಷ್ಟು ದಿನವಾಯಿತು ಎಂದು ಎಣಿಸುವ ಆ್ಯಪ್ ಒಂದಿತ್ತು. ದಿನ ಏರಿದಂತೆ ಅದು ಪದಕ ಕೊಡುತ್ತದೆ, ಜಾರಿದರೆ ಸೊನ್ನೆಗೆ ಇಳಿಸುತ್ತದೆ. ಸೊನ್ನೆ ಕಂಡ ರಾತ್ರಿ ಏನಾಗುತ್ತಿತ್ತು ಎಂದು ಕೇಳಿದೆ. "ಮುಳುಗಿದವನಿಗೆ ಚಳಿಯೇನು ಸರ್. ಹೇಗೂ ಹೋಯ್ತಲ್ಲ ಅಂತ ವಾರವಿಡೀ ನೋಡ್ತಿದ್ದೆ. ಆಮೇಲೆ ಸೋಮವಾರದಿಂದ ಮತ್ತೆ ಶಪಥ."

ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಕುಡಿತ ಬಿಡುವವರಲ್ಲಿ ಇದನ್ನೇ ಗುರುತಿಸಿದ್ದರು. ಪೂರ್ತಿ ಬಿಟ್ಟೆ ಎಂದು ಪಣ ತೊಟ್ಟವರು ಒಂದು ಗುಟುಕು ಕುಡಿದರೆ, ಆ ಗುಟುಕಿಗಿಂತ 'ನಾನು ಇಷ್ಟೇ' ಎಂಬ ತೀರ್ಮಾನ ಅವರನ್ನು ಬಾಟಲಿಯವರೆಗೆ ಒಯ್ಯುತ್ತದೆ. ಮಂಜುನಾಥ ಅವರ ಕೆಟ್ಟ ವಾರಗಳೆಲ್ಲ ಒಂದೊಂದು ಶಪಥ ಮುರಿದ ಮರುದಿನದಿಂದ ಶುರುವಾಗಿದ್ದವು.

ಮನೆಯಲ್ಲೂ ಒಂದು ಏರ್ಪಾಡಿತ್ತು. ಒಂದೂವರೆ ವರ್ಷದ ಹಿಂದೆ ಹೆಂಡತಿಗೆ ಗೊತ್ತಾಗಿ ರಂಪವಾದ ಮೇಲೆ ಫೋನಿನ ಪಾಸ್‌ವರ್ಡ್ ಅವರ ಕೈಗೆ ಹೋಗಿತ್ತು. ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ, "ರೀ, ಫೋನ್ ಕೊಡಿ." ಅವರು ನೋಡುವಷ್ಟರಲ್ಲಿ ಇವರು ಎಲ್ಲ ಅಳಿಸಿರುತ್ತಿದ್ದರು. ಇಬ್ಬರಿಗೂ ಇದು ಗೊತ್ತಿತ್ತು. ಹಾಗಿದ್ದೂ ದಿನಾ ನಡೆಯುತ್ತಿತ್ತು.

ಲಾಗ್ ಶೀಟು

ನಾನು ಕೇಳಿದ್ದು ಒಂದೇ: ಸದ್ಯಕ್ಕೆ ಬಿಡುವ ಪ್ರಯತ್ನ ಬೇಡ, ಬರೆಯಿರಿ. ಇಪ್ಪತ್ತನಾಲ್ಕು ಗಂಟೆಯ ಒಂದು ಹಾಳೆ. ಗಂಟೆ, ಎಲ್ಲಿದ್ದಿರಿ, ಅದಕ್ಕೆ ಮೊದಲು ಏನಾಯಿತು, ಸೆಳೆತ ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ನೋಡಿದಿರೋ ಇಲ್ಲವೋ. ಶಪಥ ಬೇಡ, ಎಣಿಸುವ ಆ್ಯಪ್ ತೆಗೆದುಬಿಡಿ. ಬೇರೆಯವರಿಗೆ ಈ ಕೆಲಸ ಕಷ್ಟ. ಎರಡು ದಿನ ಬರೆದು ಬಿಡುತ್ತಾರೆ. ಇವರಿಗೆ ಇದು ಹೊಟ್ಟೆಪಾಡಿನ ವಿದ್ಯೆ. ಮುಂದಿನ ವಾರ ಬಂದಾಗ ಉಪಕೇಂದ್ರದ ಶೀಟಿನ ಹಾಗೇ ಗೆರೆ ಹಾಕಿ, ಕೆಳಗೆ 'ಷರಾ' ಎಂಬ ಅಂಕಣವನ್ನೂ ಸೇರಿಸಿ ತಂದಿದ್ದರು.

ಆ ಷರಾ ಅಂಕಣದಲ್ಲೇ ವಿಷಯವಿತ್ತು. ಸೆಳೆತ ಏಳು ಎಂಟು ದಾಟಿದ ಕಡೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಮಾತು: 'ರೈತರ ಫೋನ್, ಬೈಗುಳ.' 'ಸಾಹೇಬರ ಫೋನ್, ಬೈಗುಳ.' ಆಮೇಲೆ ಒಂದು ಗಂಟೆ ಸುಮ್ಮನೆ. ನಂತರ ಟಿಕ್. ಸುಂದರಿಯ ಚಿತ್ರವೋ ಹೆಂಡತಿಯ ಜೊತೆಗಿನ ಅತೃಪ್ತಿಯೋ ಒಂದು ಸಲವೂ ಆ ಅಂಕಣದಲ್ಲಿ ಬರಲಿಲ್ಲ. ತಪ್ಪು ತಮ್ಮದಲ್ಲದ ವಿಷಯಕ್ಕೆ ಬೈಸಿಕೊಂಡು, ತಿರುಗಿ ಮಾತಾಡಲಾಗದೆ, ಹಂಚಿಕೊಳ್ಳಲು ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ ಕೈ ಫೋನಿಗೆ ಹೋಗುತ್ತಿತ್ತು. ಕಾಮಕ್ಕೆ ಇದರಲ್ಲಿ ಪಾಲಿಲ್ಲ ಎನ್ನಲಾರೆ. ಕೀಲಿಕೈ ಮಾತ್ರ ಬೇರೆಯವರ ಹತ್ತಿರವಿತ್ತು.

ಎರಡನೆಯ ಸಂಗತಿ ಹೊರಬಂದದ್ದು ಆಕಸ್ಮಿಕ. ಬಿಟ್ಟು ಇದ್ದ ಅತಿ ದೊಡ್ಡ ಅವಧಿ ಯಾವುದು ಎಂದಾಗ, "ಪ್ರತಿವರ್ಷ ಮಾಲೆ ಹಾಕ್ತೀನಲ್ಲ ಸರ್, ನಲವತ್ತೊಂದು ದಿನ ಒಂದು ಸಲವೂ ಇಲ್ಲ" ಎಂದರು. ಶಬರಿಮಲೆಗೆ ಹೋಗಿ ಮಾಲೆ ತೆಗೆದ ಮೇಲೆ, ಆ ವಾರವೇ ಮತ್ತೆ ಶುರು. ಅದನ್ನು ಹೇಳುವಾಗ ಅವರ ದನಿ ತೀರ ಕುಗ್ಗಿತು. ದೇವರ ಹೆದರಿಕೆಗೆ ಮಾತ್ರ ಸುಮ್ಮನಿರುವ ಕಳ್ಳ ನಾನು ಎಂದು ತಮ್ಮ ಬಗ್ಗೆ ಅವರ ತೀರ್ಪು. ನನಗೆ ಅದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಪ್ರಯೋಗದಂತೆ ಕಂಡಿತು. ಆ ದಿನಗಳಲ್ಲಿ ಬೇರೆ ಏನೇನಿತ್ತು, ಗಂಟೆ ಗಂಟೆಯಾಗಿ ಹೇಳಿ ಎಂದೆ. ನಸುಕಿಗೆ ಎದ್ದು ತಣ್ಣೀರು ಸ್ನಾನ, ಸಂಜೆ ಸನ್ನಿಧಾನದಲ್ಲಿ ಭಜನೆ, ಒಂದು ಹೊತ್ತಿನ ಊಟ, ಚಾಪೆಯ ಮೇಲೆ ಮಲಗುವುದು, ಎದುರಿಗೆ ಬಂದವರೆಲ್ಲ 'ಸ್ವಾಮಿ' ಎಂದು ಕರೆಯುವುದು. ಡ್ಯೂಟಿ? "ಪೂಜೆಗೆ ತೊಂದರೆ ಆಗ್ಬಾರ್ದು ಅಂತ ನಮ್ಮ ಹುಡುಗರೇ ಹಗಲು ಪಾಳಿ ಬಿಟ್ಟುಕೊಡ್ತಾರೆ."

ಅಂದರೆ ಮಾಲೆಯ ದಿನಗಳಲ್ಲಿ ರಾತ್ರಿ ಪಾಳಿಯೇ ಇರಲಿಲ್ಲ. ರಾತ್ರಿ ನಿದ್ದೆ ಇತ್ತು, ಸಂಜೆ ಜನರಿದ್ದರು, ಬೈಯುವ ರೈತರೂ 'ಸ್ವಾಮಿ' ಎಂದೇ ಮಾತಾಡಿಸುತ್ತಿದ್ದರು. ನಾನು ಏನೂ ಹೇಳುವ ಮೊದಲೇ ಅವರಿಗೆ ಹೊಳೆಯಿತು. ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಭಕ್ತಿಯ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಕೆಟ್ಟವನು ನಾನು ಎಂಬ ಒಂದೇ ಉತ್ತರವಿದ್ದ ಕಡೆ ಈಗ ಪ್ರಶ್ನೆಯೊಂದು ಬಂದಿತ್ತು: ಇದರಲ್ಲಿ ಎಷ್ಟನ್ನು ವರ್ಷವಿಡೀ ಇಟ್ಟುಕೊಳ್ಳಬಹುದು?

ರಾತ್ರಿ ಪಾಳಿ ಬಿಡಿಸಿಕೊಳ್ಳಲು ಅರ್ಜಿ ಹಾಕಿದರು. ಆಗಲಿಲ್ಲ, ಇದ್ದ ಜನವೇ ಕಡಿಮೆ. ಹಾಗಾಗಿ ಪಾಳಿಯ ಒಳಗೇ ಬದಲಾವಣೆ ಮಾಡಬೇಕಾಯಿತು. ಸ್ವಂತ ಫೋನು ಬೈಕಿನ ಡಿಕ್ಕಿಯಲ್ಲಿ, ಬೈಕು ಗೇಟಿನ ಹತ್ತಿರ; ಕಚೇರಿಯ ಕೀಪ್ಯಾಡ್ ಫೋನು ಮಾತ್ರ ಮೇಜಿನ ಮೇಲೆ. ಆಣೆ ಪ್ರಮಾಣಕ್ಕಿಂತ ಗೇಟಿನವರೆಗಿನ ಕತ್ತಲೆಯ ನಡಿಗೆಯೇ ಹೆಚ್ಚು ಕೆಲಸ ಮಾಡಿತು. ಜೊತೆಯವರು ಮೊದಲಿನ ಹಾಗೆ ಇಡೀ ರಾತ್ರಿ ಮಲಗುವ ಬದಲು ಇಬ್ಬರೂ ಸರದಿಯಲ್ಲಿ ಎಚ್ಚರವಿರುವುದು, ಬ್ಯಾಚ್ ಬದಲಿಸುವ ಹೊತ್ತಿಗೆ ಇಬ್ಬರೂ ಎದ್ದು ಚಹಾ ಕಾಯಿಸುವುದು. ಬೈಗುಳದ ಫೋನ್ ಬಂದರೆ ಇಟ್ಟ ತಕ್ಷಣ ಜೊತೆಯವರಿಗೆ ಜೋರಾಗಿ ಅದನ್ನೇ ಒಪ್ಪಿಸುವುದು. ಇದು ಅವರೇ ಸೇರಿಸಿದ್ದು. ಆ ಹಿರಿಯರು ಪ್ರತಿಯಾಗಿ ಇನ್ನೂ ಕೆಟ್ಟದಾಗಿ ಬೈದು ನಗಿಸುತ್ತಿದ್ದರಂತೆ; ನನ್ನ ಯಾವ ತಂತ್ರಕ್ಕೂ ಇಷ್ಟು ಬೇಗ ಫಲ ಸಿಗಲಿಲ್ಲ.

ಸೆಳೆತ ಬಂದಾಗ ಅದರ ಜೊತೆ ಗುದ್ದಾಡದೆ, ಸಂಖ್ಯೆ ಬರೆದು ಕಾಯುವುದನ್ನು ಅಭ್ಯಾಸ ಮಾಡಿಸಿದೆ. ಇದೂ ಮಾರ್ಲಟ್ ಅವರದೇ ವಿಧಾನ. ಏರಿದ ಸೆಳೆತ ಉಣಿಸದಿದ್ದರೆ ತಾನಾಗಿ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಅಷ್ಟು ಹೊತ್ತು ಕೈಗೆ ಕೆಲಸ ಬೇಕು. ಅವರು ಬ್ಯಾಟರಿ ಕೋಣೆಗೆ ಹೋಗಿ ಒಂದೊಂದು ಸೆಲ್ಲಿನ ನೀರಿನ ಮಟ್ಟ ನೋಡಿಕೊಂಡು ಬರುತ್ತಿದ್ದರು. ವಾಪಸು ಬಂದು ಮತ್ತೆ ಸಂಖ್ಯೆ. ಎಂಟು, ಆರು, ಮೂರು. ತನ್ನ ಕೈಬರಹದಲ್ಲೇ ಇಳಿದದ್ದು ಕಂಡ ಮೇಲೆ, 'ತಡೆಯಲಾಗುವುದಿಲ್ಲ' ಎಂಬ ಮಾತನ್ನು ಅವರು ಹೇಳಿದ್ದು ಕಡಿಮೆಯಾಯಿತು.

ಹೆಂಡತಿಯ ಪ್ರಶ್ನೆ

ಅವರ ಹೆಂಡತಿ ಬಂದದ್ದು ಎರಡನೇ ತಿಂಗಳಲ್ಲಿ, ಒಲ್ಲದ ಮನಸ್ಸಿನಿಂದ. ಬಹಳ ಹೊತ್ತು ಸುಮ್ಮನಿದ್ದು ಗಂಡನನ್ನಲ್ಲ, ನನ್ನನ್ನು ಕೇಳಿದರು: "ನಾನು ಸಾಲಲಿಲ್ವಾ ಸರ್ ಇವರಿಗೆ?" ಸಮಾಧಾನದ ಮಾತು ಹೇಳುವುದು ಸುಲಭವಿತ್ತು. ಮಂಜುನಾಥ ಅವರ ಒಪ್ಪಿಗೆ ಪಡೆದು ಷರಾ ಅಂಕಣವನ್ನು ಅವರ ಮುಂದಿಟ್ಟೆ. ಓದಿ, ಗಂಡನ ಕಡೆ ತಿರುಗಿ, "ಇಷ್ಟೆಲ್ಲ ಬೈತಾರಾ? ಒಂದು ದಿನವಾದ್ರೂ ಹೇಳ್ಬಾರ್ದಿತ್ತಾ ರೀ" ಎಂದರು. ಕಾರಣ ತಿಳಿದ ಮಾತ್ರಕ್ಕೆ ಅವರ ನೋವು ಹೋಗಲಿಲ್ಲ, ಹೋಗಬೇಕೆಂದು ನಾನೂ ಒತ್ತಾಯಿಸಲಿಲ್ಲ. ಸುಳ್ಳು ಹೇಳಿದ್ದು ನೋಡಿದ್ದಕ್ಕಿಂತ ದೊಡ್ಡ ಪೆಟ್ಟು ಎಂದರು.

ಅಂದು ಎರಡು ತೀರ್ಮಾನವಾದವು. ಪಾಸ್‌ವರ್ಡ್ ಕಾಯುವ ಕೆಲಸ ಅವರು ಬಿಡುತ್ತಾರೆ. ಪ್ರತಿಯಾಗಿ, ಕೇಳಿದಾಗ ಇವರು ನಿಜ ಹೇಳುತ್ತಾರೆ. ವಾರಕ್ಕೊಮ್ಮೆ, ಒಂದೇ ಮಾತಿನಲ್ಲಿ, ವಿವರ ಬೇಡ. ಪಾಸ್‌ವರ್ಡ್ ಬಿಡುವುದು ಆಕೆಗೆ ಇವರಷ್ಟೇ ಕಷ್ಟವಾಯಿತು. ಎರಡು ವಾರ ಕದ್ದು ನೋಡಿದೆ ಎಂದು ಆಮೇಲೆ ತಾವೇ ಹೇಳಿದರು. ಹಾಸಿಗೆಯ ವಿಷಯದಲ್ಲಿ ಕೆಲವು ವಾರ ಸಂಭೋಗದ ಗೊಡವೆಯೇ ಬೇಡ, ಬರೀ ಹತ್ತಿರವಿರಿ ಎಂದು ಸೂಚಿಸಿದೆ. ಸಾಬೀತು ಮಾಡುವ ಒತ್ತಡ ಇಳಿದಂತೆ ಆ ತೊಂದರೆ ತಾನಾಗಿ ಸಡಿಲಿತು.

ಮತ್ತೆ ಜಾರಿದ್ದು

ನಾಲ್ಕನೇ ತಿಂಗಳು. ತಂದೆಯ ಜಮೀನಿನ ಪಾಲಿನ ವಿಚಾರಕ್ಕೆ ಅಣ್ಣನ ಜೊತೆ ಜಗಳವಾಡಿ ಬಂದ ರಾತ್ರಿ, ಫೋನು ಡಿಕ್ಕಿಗೆ ಹೋಗಲಿಲ್ಲ. ಎರಡು ಗಂಟೆ ನೋಡಿದರು. ಹಳೆಯ ಲೆಕ್ಕದಲ್ಲಿ ಇಲ್ಲಿಂದ ಒಂದು ಕೆಟ್ಟ ವಾರ ಶುರುವಾಗಬೇಕಿತ್ತು. ಅವರು ಶೀಟಿನಲ್ಲಿ ಸಮಯ ಬರೆದು, ಷರಾದಲ್ಲಿ 'ಟ್ರಿಪ್. ಕಾರಣ: ಅಣ್ಣ' ಎಂದು ಬರೆದರು. ಬೆಳಿಗ್ಗೆ ಹೆಂಡತಿಗೆ ಹೇಳಿದರು. ಆಕೆ ಮಧ್ಯಾಹ್ನದವರೆಗೆ ಮಾತಾಡಲಿಲ್ಲ, ಆಮೇಲೆ ಊಟಕ್ಕೆ ಕರೆದರು.

ಮುಂದಿನ ಭೇಟಿಯಲ್ಲಿ ಟ್ರಿಪ್ ಎಂದು ಯಾಕೆ ಬರೆದಿರಿ ಎಂದೆ. "ಫೀಡರ್ ಟ್ರಿಪ್ ಆದ್ರೆ ಲೈನೇ ಕಿತ್ತು ಹಾಕ್ತೀವಾ ಸರ್? ರಿಲೇ ನೋಡಿ, ಯಾಕಾಯ್ತು ಅಂತ ಬರೆದು, ಮತ್ತೆ ಚಾರ್ಜ್ ಮಾಡ್ತೀವಿ." ಇದಕ್ಕಿಂತ ಚೆನ್ನಾಗಿ ನಾನು ಹೇಳಿಕೊಡಲಾರೆ. ಆದರೂ ಅದಕ್ಕೊಂದು ಬಾಲ ಸೇರಿಸಿದೆ: ಪದೇ ಪದೇ ಟ್ರಿಪ್ ಆಗುವ ಲೈನನ್ನು ಸುಮ್ಮನೆ ಚಾರ್ಜ್ ಮಾಡುತ್ತಾ ಹೋಗುತ್ತೀರಾ? ಇಲ್ಲ, ಲೈನ್‌ಮನ್ ಕಳಿಸಿ ಲೈನ್ ಗಸ್ತು ಮಾಡಿಸುತ್ತಾರಂತೆ. ಹಾಗಾದರೆ ತಿಂಗಳಲ್ಲಿ ಎರಡನೇ ಸಲ ಹೀಗಾದರೆ ಕಾಯದೆ ನನಗೆ ಫೋನು ಎಂದು ಒಪ್ಪಂದವಾಯಿತು. ಜಾರುವುದನ್ನು ಕ್ಷಮಿಸುವ ಮಾತೇ ಜಾರಲು ನೆಪವಾಗುವುದನ್ನೂ ನಾನು ಕಂಡಿದ್ದೇನೆ.

ಅದೇ ಸುಮಾರಿಗೆ ಇನ್ನೊಂದು ಆಯಿತು. ಸೈಬರ್ ಪೊಲೀಸ್ ಎಂದು ಹೇಳಿಕೊಂಡವರೊಬ್ಬರು ಫೋನು ಮಾಡಿ, ನೀವು ನೋಡಿದ ವಿಡಿಯೋಗಳ ಪಟ್ಟಿ ನಮ್ಮಲ್ಲಿದೆ, ದಂಡ ಕಟ್ಟದಿದ್ದರೆ ಮನೆಯವರಿಗೂ ಕಚೇರಿಗೂ ತಿಳಿಸುತ್ತೇವೆ ಎಂದರು. ಒಂದು ವರ್ಷದ ಹಿಂದಾಗಿದ್ದರೆ ಕೊಟ್ಟೇ ಬಿಡುತ್ತಿದ್ದೆ ಎಂದರು ಮಂಜುನಾಥ. ಹೆಂಡತಿಗೆ ಎಲ್ಲ ಗೊತ್ತಿದ್ದುದರಿಂದ ಬೆದರಿಕೆಗೆ ಬಲವೇ ಇರಲಿಲ್ಲ. ಆಕೆಯೇ ಫೋನು ಕಿತ್ತುಕೊಂಡು ಆ ಮನುಷ್ಯನಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು.

ಈಗ

ವಾರದ ಭೇಟಿ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆಯಾಗಿ, ವರ್ಷ ತುಂಬುವಷ್ಟರಲ್ಲಿ ನಿಂತಿತು. ಆ ಅವಧಿಯಲ್ಲಿ ಇನ್ನೊಂದೆರಡು ಸಲ ಜಾರಿದ್ದುಂಟು, ಯಾವುದೂ ಮರುದಿನಕ್ಕೆ ಹರಿಯಲಿಲ್ಲ. ಎರಡು ವರ್ಷದ ನಂತರ ಫೋನಿನಲ್ಲಿ ವಿಚಾರಿಸಿದಾಗ ಕೊನೆಯ ಬಾರಿ ಯಾವಾಗ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನೆನಪಾಗ್ತಿಲ್ಲ ಸರ್, ಹೋದ ವರ್ಷ ಯುಗಾದಿಗೂ ಮುಂಚೆ ಇರ್ಬೇಕು" ಎಂದರು. ದಿನ ಎಣಿಸುತ್ತಿದ್ದ ಮನುಷ್ಯ ತಾರೀಖು ಮರೆತದ್ದು ನನಗೆ ದೊಡ್ಡ ಗುರುತಾಗಿ ಕಂಡಿತು. ಹೋದ ವರ್ಷ ಮಾಲೆ ಹಾಕಿದಾಗ ಹಗಲು ಪಾಳಿ ಕೇಳಿಕೊಳ್ಳಲಿಲ್ಲವಂತೆ. ಶೀಟು ಬರೆಯುವುದು ನಿಂತಿದೆ. ಉಪಕೇಂದ್ರದ ಲಾಗ್ ಶೀಟಿನಲ್ಲಿ ಅಂದಾಜಿನ ರೀಡಿಂಗೂ ನಿಂತಿದೆ. ಅಣ್ಣನ ಜೊತೆಗಿನ ವ್ಯಾಜ್ಯ ಮಾತ್ರ ಕೋರ್ಟಿನಲ್ಲಿದೆ.

ಇದರಿಂದ ಏನು ತಿಳಿಯಬಹುದು

ಬೈಕಿನ ಡಿಕ್ಕಿಯೋ, ಹೆಂಡತಿಗೆ ನಿಜ ಹೇಳಿದ್ದೋ, ಶಪಥ ಬಿಟ್ಟದ್ದೋ, ನಿದ್ದೆಯೋ, ಯಾವುದರಿಂದ ಎಷ್ಟು ಫಲವಾಯಿತು ಎಂದು ಒಂದು ಪ್ರಕರಣದಿಂದ ಬೇರ್ಪಡಿಸಲಾಗದು. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಸ್ಥಾನ ಶಪಥ ಬಿಟ್ಟದ್ದಕ್ಕೆ. ಶಾಶ್ವತವಾಗಿ ಬಿಡುತ್ತೇನೆ ಎಂಬ ಸಂಕಲ್ಪದಲ್ಲಿ ಕೆಟ್ಟದ್ದೇನಿಲ್ಲ. ಆದರೆ ಇವರ ವಿಷಯದಲ್ಲಿ ಅದು ಪ್ರತಿಸಲವೂ ಮುಂದಿನ ಬೀಳುವಿಕೆಗೆ ಎತ್ತರ ಕೊಡುತ್ತಿತ್ತು. ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟು: ಎಷ್ಟು ಸಲ, ಏನು ನೋಡುತ್ತೀರಿ ಎಂದು ಕೇಳುವ ಮೊದಲು ಪಾಳಿ ಯಾವುದು, ಯಾರು ಬೈಯುತ್ತಾರೆ, ಎಷ್ಟು ಗಂಟೆಗೆ ಮಲಗುತ್ತೀರಿ ಎಂದು ಕೇಳಿ. ಬಿಟ್ಟು ಇದ್ದ ದಿನಗಳನ್ನು ಸೋಲಿನ ಲೆಕ್ಕಕ್ಕೆ ಸೇರಿಸಬೇಡಿ. ಮಾಲೆಯೋ, ರಂಜಾನ್ ಉಪವಾಸವೋ, ಕ್ರೈಸ್ತರ ಲೆಂಟ್ ವ್ರತದ ಕಾಲವೋ, ಅಕ್ಕನ ಮನೆಯಲ್ಲಿ ಕಳೆದ ರಜೆಯೋ, ಆಗ ಏನೇನು ಬೇರೆ ಇತ್ತು ಎಂಬುದನ್ನು ಬರೆಸಿ.

ಎಲ್ಲರಿಗೂ ಇದೇ ಸಾಕಾಗುವುದಿಲ್ಲ. ಖಿನ್ನತೆ ತೀವ್ರವಾಗಿದ್ದರೆ, ಕುಡಿತ ಜೊತೆಗಿದ್ದರೆ, ಉನ್ಮಾದದ ಲಕ್ಷಣವಿದ್ದರೆ ಮನೋವೈದ್ಯರ ಔಷಧಿ ಮೊದಲು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ದೂರದ ಊರಿನವರು, ಹೆಸರು ಹೇಳಲು ಹಿಂಜರಿಯುವವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ; ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಪಾಳಿಯ ನಡುವೆಯೂ ಸಿಗುತ್ತಾರೆ.